ಅಪ್ಪನ ಗಾಡಿಗೆ ಹೊಸ ಪಾಟಾ

ಸಪ್ಪಳ ಎಲ್ಲಿಂದ ಬರುತ್ತಿದೆ ಎಂದು ಕೇಳಿದರೆ ಬೈಲಹೊಂಗಲದಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಬೊಟ್ಟು ಮಾಡುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನವನು ಮುಂದಿನ ಗಾಲಿಯ ಬುಶ್ ಸವೆದಿದೆ ಅಂದ. ಪೆಟ್ರೋಲ್ ಬಂಕಿನ ಎದುರಿನವನು ಬುಶ್ ಅಲ್ಲವೇ ಅಲ್ಲ, ಶಾಕ್‌ಅಬ್ಸಾರ್ಬರ್ ಸತ್ತುಹೋಗಿದೆ ಅಂದ. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟದ ನಮ್ಮ ಮನೆಯವರು ಹಿಂದೆ ಇಟ್ಟ ಜಾಕ್ ಅಲ್ಲಾಡುತ್ತಿರಬೇಕು ಅಂದರು. ಅದನ್ನೂ ನಂಬಿ ಜಾಕ್ ತೆಗೆದು ಪಡಸಾಲೆಯಲ್ಲಿಟ್ಟು ಊರಲ್ಲಿ ಒಂದು ಸುತ್ತು ಹಾಕಿ ಬಂದೆ. ಸಪ್ಪಳ ಇದ್ದಲ್ಲೇ ಇತ್ತು. ಜಾಕ್ ಮಾತ್ರ ಅಂದಿನಿಂದ ಪಡಸಾಲೆಯಲ್ಲೇ ಉಳಿಯಿತು.

ಅದು ಅಪ್ಪನ ಗಾಡಿ. ಬೀಜ, ಗೊಬ್ಬರದ ಏಜೆಂಟಾಗಿದ್ದ ಅಪ್ಪ ಸವದತ್ತಿ, ರಾಮದುರ್ಗದ ಹಳ್ಳಿಹಳ್ಳಿ ಸುತ್ತಿದ್ದು ಅದರಲ್ಲೇ. ಡ್ರೈವರನ ಹಿಂದೆ ಎರಡು ಸಾಲು ಸೀಟಿರುವ ಡೀಸೆಲ್ ಗಾಡಿ. ಮೂರು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಮೀಟರು ಬೇಸತ್ತು ನಿಂತಿತು, ಗಾಡಿ ನಿಲ್ಲಲಿಲ್ಲ. ಅಪ್ಪ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು, ಯಾಕೆಂದರೆ ಮನೆಯಲ್ಲಿ ಗಾಡಿ ಹೊಡೆಯಲು ಬರುತ್ತಿದ್ದುದು ನನಗೊಬ್ಬಳಿಗೇ. ನಾನು ಪಾಠ ಹೇಳುವ ಶಾಲೆಗೆ ಅದರಲ್ಲೇ ಹೋಗಿ ಬರುತ್ತಿದ್ದೆ. ತಗ್ಗು ಬಂದಾಗ ಕಟಕ್, ಹಂಪ್ ಬಂದಾಗ ಕಟ್ ಕಟ್, ತಿರುವಿನಲ್ಲಿ ಮುದುಕಿ ನರಳಿದ ಹಾಗೆ ಒಂದು ರಾಗ. ಕೇಳಿ ಕೇಳಿ ಕಿವಿಗೆ ರೂಢಿಯಾಗಿತ್ತು. ತಂಗಿಯ ಮಾತು ಬರದಿದ್ದರೆ ಆ ಕಡೆ ಲಕ್ಷ್ಯವನ್ನೇ ಕೊಡುತ್ತಿರಲಿಲ್ಲ.

ತಂಗಿಯನ್ನು ಕೊಟ್ಟಿದ್ದು ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ. ಮದುವೆಯಾಗಿ ಬಹಳ ವರ್ಷದ ಮೇಲೆ ಮೂರನೇ ಸಲ ಬಸುರಾಗಿದ್ದಳು. ಮೊದಲಿನ ಎರಡೂ ನಿಲ್ಲಲಿಲ್ಲ. ಈ ಸಲ ಏಳು ತಿಂಗಳು ತುಂಬಿದ್ದರೂ ಅವಳ ಬಾಯಿಂದ ಕೂಸು ಎಂಬ ಶಬ್ದ ಹೊರಬಿದ್ದಿರಲಿಲ್ಲ. ‘ಅದು’ ಅನ್ನುತ್ತಿದ್ದಳು. ಅದು ಆರಾಮ ಐತಿ, ಅದಕ್ಕ ಡಾಕ್ಟರು ಗುಳಗಿ ಕೊಟ್ಟಾರ, ಅಷ್ಟೇ. ಕೂಸಿನ ತಲೆಗೆ ಕುಂಚಿಗೆ ಹೊಲಿಯಲೇನೇ ಎಂದು ನಾನು ಫೋನಿನಲ್ಲಿ ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದಳು. ಹೆರಿಗೆಗೆ ತವರಿಗೆ ಕರೆತರುವ ಹೊತ್ತು ಬಂದಾಗ ಡಾಕ್ಟರು ಒಂದೇ ಮಾತು ಹೇಳಿದ್ದರು: ಹೋಗಲಿ, ಆದರೆ ಕುಲುಕಾಟ ಆಗಬಾರದು. ಒಳ್ಳೆಯ ಬಾಡಿಗೆ ಕಾರು ತರುತ್ತೇನೆ ಅಂದೆ.

“ಬ್ಯಾಡ ಅಕ್ಕಾ. ಅಪ್ಪನ ಗಾಡಿ ತಗೊಂಡ ಬಾ. ಇಲ್ಲಾಂದ್ರ ನಾ ಇಲ್ಲೇ ಇರತೇನಿ.”

ಯಾಕೆ ಅಂದರೆ ಹೇಳಲಿಲ್ಲ. ಅವಳ ಹಟ ನನಗೆ ಗೊತ್ತು, ನನ್ನದೇ ಮಾದರಿ. ಹಿಂದಿನ ಎರಡೂ ಸಲ ತವರಿಗೆ ಬರುವ ಮೊದಲೇ ಎಲ್ಲ ಮುಗಿದುಹೋಗಿತ್ತು. ಅಪ್ಪನ ಗಾಡಿ ಬಾಗಿಲಿಗೆ ಬಂದರೆ ತವರೇ ಬಂದ ಹಾಗೆ ಅನಿಸಿತೋ ಏನೋ. ಅಂತೂ ಗಾಡಿಯ ಸಪ್ಪಳ ಅಂದಿನಿಂದ ನನ್ನ ನಿದ್ದೆ ಕೆಡಿಸಿತು.

ಬೈಲಹೊಂಗಲದ ಪಂಡಿತರ ಮಾತು ಕೇಳಿ ತಲೆ ಮೊಸರುಗಡಿಗೆಯಾದ ಮೇಲೆ ಎಂ.ಕೆ. ಹುಬ್ಬಳ್ಳಿಗೆ ಹೋದೆ. ಅಲ್ಲಿ ಹೆದ್ದಾರಿಯ ಬದಿಗೆ, ಕಬ್ಬಿನ ಟ್ರೇಲರ್ ರಿಪೇರಿ ಮಾಡುವ ಮಿಸ್ತ್ರಿಯೊಬ್ಬ ಅಪ್ಪನ ಕಾಲದಿಂದ ಗುರುತಿನವನು. ಸಕ್ಕರೆ ಫ್ಯಾಕ್ಟರಿ ಆ ವರ್ಷದ ಕಬ್ಬು ಅರೆಯಲು ಶುರುಮಾಡಿದ ದಿನಗಳು. ಅಂಗಳದ ತುಂಬ ಮಗ್ಗುಲಿಗೆ ವಾಲಿದ ಟ್ರೇಲರುಗಳು, ನೆಲದ ತುಂಬ ಕಬ್ಬಿನ ಸಿಪ್ಪೆ. ದೊಡ್ಡ ಬಾಯಿಯ, ಬೇಗ ಸಿಟ್ಟಿಗೇಳುವ ಮನುಷ್ಯ. ಗಾಡಿಯ ಕೆಳಗೆ ತೂರಿ ಹೊರಗೆ ಬಂದವನೇ, “ಯಾವದಂತ ಹೇಳಲ್ರಿ ಅಕ್ಕಾರ, ಎಲ್ಲಾನೂ ಹೋಗ್ಯಾವ” ಅಂದ. ಬುಶ್, ಶಾಕ್‌ಅಬ್ಸಾರ್ಬರ್ ಎರಡೂ ಹೌದು. ಹಿಂದಿನ ಪಾಟಾ, ಅಂದರೆ ಒಂದರ ಮೇಲೊಂದು ಹೊಂದಿಸಿ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳು, ಅವೂ ಚಪ್ಪಟೆಯಾಗಿದ್ದವು, ಒಂದು ಸೀಳಿತ್ತು.

“ಎಷ್ಟ ಮಂದಿ ಕುಂಡರತಾರ್ರಿ ಇದರಾಗ?”

ಬಸುರಿಯನ್ನು ಕರೆತರಲು ಹೋಗುವುದು ಅಂದರೆ ನಮ್ಮ ಕಡೆ ಒಬ್ಬಿಬ್ಬರ ಕೆಲಸವಲ್ಲ. ಚಿಗವ್ವ, ಅವಳ ಸೊಸೆಯಂದಿರು, ಓಣಿಯ ಮುತ್ತೈದೆಯರು, ಕರ್ಚಿಕಾಯಿ, ಉಂಡಿ, ರೊಟ್ಟಿಯ ಬುತ್ತಿಯ ಪುಟ್ಟಿಗಳು, ಬರುವಾಗ ತಂಗಿಯ ಜೊತೆ ಅವರ ಹೊಲದ ಜೋಳದ ಚೀಲ. ಎಲ್ಲ ಎಣಿಸಿ ಹೇಳಿದೆ. ಮಿಸ್ತ್ರಿಗೆ ಬಹಳ ಖುಷಿಯಾಯಿತು. ಅವನ ಅಂಗಳಕ್ಕೆ ಬರುವವರೆಲ್ಲ ಕೇಳುವುದು ಇದನ್ನೇ, ಭಾರ ತಡೆಯಬೇಕು. ಹೊಸ ಪಾಟಾ ಹಾಕಿ, ಮೇಲೊಂದು ಪಟ್ಟಿ ಹೆಚ್ಚಿಗೆ ಸೇರಿಸಿ ಕೊಟ್ಟ.

ಎರಡು ದಿನ ಬಿಟ್ಟು ಗಾಡಿ ತೆಗೆದುಕೊಂಡು ಹೊರಟರೆ ಒಂದೇ ಒಂದು ಸಪ್ಪಳವಿಲ್ಲ. ಕಿವಿಯಲ್ಲಿ ಹತ್ತಿ ಇಟ್ಟಂತಾಯಿತು. ಹಿಂಭಾಗ ಸ್ವಲ್ಪ ಎತ್ತರ ಕಾಣುತ್ತಿತ್ತು. ಕಿತ್ತೂರಿನ ಹತ್ತಿರದ ಹಂಪಿನ ಮೇಲೆ ಗಾಡಿ ತುಸು ಕುಪ್ಪಳಿಸಿತು, ಹೊಸ ಚಪ್ಪಲಿಯೂ ಮೊದಲು ಕಚ್ಚುತ್ತದೆ, ಹೊಂದಿಕೊಳ್ಳುತ್ತದೆ ಬಿಡು ಅಂದುಕೊಂಡೆ.

ಮನೆಗೆ ಬಂದು ನಾನು ಇನ್ನೊಂದು ಜಾಣತನ ಮಾಡಿದೆ. ಇಷ್ಟು ಜನ ತುಂಬಿಕೊಂಡರೆ ಗಾಡಿ ಜಗ್ಗುತ್ತದೆ, ತಂಗಿಗೆ ಇಕ್ಕಟ್ಟಾಗುತ್ತದೆ, ಖಾಲಿ ಗಾಡಿ ಹಗುರವಾಗಿ ತೇಲಿಕೊಂಡು ಬರುತ್ತದೆ ಎಂದು ಲೆಕ್ಕ ಹಾಕಿದೆ. ಯಾರೂ ಬರುವುದು ಬೇಡ, ನಾನೊಬ್ಬಳೇ ಹೋಗುತ್ತೇನೆ ಅಂದೆ. ಚಿಗವ್ವ ಮುಖ ಗಂಟು ಹಾಕಿಕೊಂಡಳು.

“ನಿಮ್ಮವ್ವ ಇದ್ದಿದ್ರ ಹಿಂಗ ಅಂತಿದ್ದಿಲ್ಲ. ಆತು ಬಿಡ, ನಿನ್ನ ಗಾಡಿ, ನಿನ್ನ ತಂಗಿ” ಅಂದಳು.

ಬುತ್ತಿಯ ಪುಟ್ಟಿಗಳನ್ನು ಮಾತ್ರ ಮಧ್ಯದ ಸೀಟಿನಲ್ಲಿ ಜೋಡಿಸಿ ಬೆಳಿಗ್ಗೆ ಹೊರಟೆ. ಸವದತ್ತಿಯ ತನಕ ಹೇಗೋ ಹೋಯಿತು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ತುಳಿದು ತಗ್ಗು ಮಾಡಿದ ರಸ್ತೆ ಶುರುವಾದದ್ದೇ ತಡ, ಗಾಡಿಗೆ ಮೈಮೇಲೆ ದೇವರು ಬಂತು. ಪ್ರತಿ ತಗ್ಗಿಗೂ ಹಿಂಭಾಗ ಎಗರಿ ಬೀಳುತ್ತಿತ್ತು. ಒಂದು ಹಂಪಿನ ಮೇಲೆ ನನ್ನ ತಲೆ ಮೇಲಿನ ತಗಡಿಗೆ ಬಡಿಯುವುದೊಂದು ಬಾಕಿ. ಪುಟ್ಟಿ ಉರುಳಿ ಉಂಡಿಗಳೆಲ್ಲ ಗಾಡಿಯ ತುಂಬ ಓಡಾಡಿದವು. ಬದಿಗೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದೆ. ಎಲ್ಲ ಹೊಸದು, ಎಲ್ಲ ಗಟ್ಟಿ. ಹಳೆಯ ಗಾಡಿ ಹತ್ತು ಕಡೆ ಸಪ್ಪಳ ಮಾಡುತ್ತ ಮೆತ್ತಗೆ ಕರೆದೊಯ್ಯುತ್ತಿತ್ತು. ಈಗ ಸಪ್ಪಳವಿಲ್ಲ, ಬೆನ್ನು ಮುರಿಯುತ್ತದೆ. ಮಿಸ್ತ್ರಿ ಹಾಳು ಮಾಡಿದನೋ, ನನಗೇ ಹೊಡೆಯಲು ಬರುವುದಿಲ್ಲವೋ, ಏನೂ ತಿಳಿಯಲಿಲ್ಲ. ಇದರಲ್ಲಿ ತಂಗಿಯನ್ನು ಹೇಗೆ ಕೂಡಿಸಲಿ? ಅಳು ಬಂತು, ಸಿಟ್ಟೂ ಬಂತು. ಉಂಡಿಗಳನ್ನು ಆರಿಸಿ ಪುಟ್ಟಿಗೆ ತುಂಬಿ ಮುಂದೆ ಹೋದೆ.

ಸಾಲಹಳ್ಳಿಯಲ್ಲಿ ತಂಗಿ ಹಸಿರು ಸೀರೆ ಉಟ್ಟು, ಬಳೆ ತೊಟ್ಟು, ಬಾಗಿಲಲ್ಲೇ ನಿಂತಿದ್ದಳು. ಒಂದು ಕೈ ಹೊಟ್ಟೆಯ ಕೆಳಗೆ. ಯಾರೋ ಕಸಿದುಕೊಳ್ಳಲು ಬಂದವರ ಎದುರು ಹಿಡಿದಂತೆ ಬಿಗಿಯಾಗಿತ್ತು. “ಸಪ್ಪಳ ಇಲ್ಲಲ್ಲ ಅಕ್ಕಾ. ಗಾಡಿ ಬಂದದ್ದ ಗೊತ್ತಾಗಲಿಲ್ಲ” ಅಂದಳು. ಮುಖದಲ್ಲಿ ನಗೆ ಇತ್ತೋ ನಿರಾಸೆ ಇತ್ತೋ, ಅದೂ ನನಗೆ ತಿಳಿಯಲಿಲ್ಲ.

ಅವಳ ಅತ್ತೆ ಚಹಾ ತಂದುಕೊಟ್ಟರು. ನಮಗೂ ಅವರಿಗೂ ಮಾತು ಅಷ್ಟಕ್ಕಷ್ಟೇ. ಎರಡನೇ ಸಲ ಬಸಿರು ಹೋದಾಗ, ನೀವು ಹುಡುಗಿಯಿಂದ ಮೇವಿನ ಹೊರೆ ಹೊರಿಸಿದಿರಿ ಎಂದು ನಾನು ಅಂದಿದ್ದೆ, ನೀವು ತವರಿನವರು ಬಂದು ನೋಡಿದಿರಾ ಎಂದು ಅವರು ಅಂದಿದ್ದರು. ಅಂದಿನಿಂದ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಅಂಥವರ ಎದುರು ನನ್ನ ಗಾಡಿ ಕುಣಿಯುತ್ತದೆ ಎಂದು ಹೇಗೆ ಹೇಳಲಿ? ಆದರೆ ಹೇಳದೆ ತಂಗಿಯನ್ನು ಕೂಡಿಸಿಕೊಂಡು ಹೋಗುವ ಧೈರ್ಯ ಇರಲಿಲ್ಲ. ಹೇಳಿಬಿಟ್ಟೆ.

ಅವರು ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದು ಗಾಡಿಯ ಮಧ್ಯದ ಸೀಟಿನ ಮೇಲಿಟ್ಟರು. “ಅಗಸಿ ತನಕ ಹೋಗಿ ಬಾ ಯವ್ವಾ, ನೋಡೂಣು” ಅಂದರು. ಊರಬಾಗಿಲ ತನಕ ಮೆಲ್ಲಗೆ ಹೋಗಿ ಬಂದೆ. ತಂಬಿಗೆ ಅಡ್ಡಬಿದ್ದು ಸೀಟೆಲ್ಲ ಒದ್ದೆಯಾಗಿತ್ತು. ತಂಗಿ ಅದನ್ನು ನೋಡಿ ಕಟ್ಟೆಯ ಮೇಲೆ ಕುಂತುಬಿಟ್ಟಳು. “ನಾ ಬರೂದಿಲ್ಲ ಬಿಡ ಅಕ್ಕಾ. ನನಗ ಗೊತ್ತಿತ್ತು, ಈ ಸಲಾನೂ ಏನರ ಒಂದ ಆಗತೈತಿ ಅಂತ” ಅಂದಳು.

ಮಿಸ್ತ್ರಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿ, “ಗಾಡ್ಯಾಗ ಯಾರ ಕುಂತಾರ್ರಿ?” ಅಂದ.

“ಯಾರೂ ಇಲ್ಲ. ನಾ ಒಬ್ಬಾಕಿ ಬಂದೇನಿ.”

“ಹಂಗಂದ್ರ ಹೆಂಗ್ರಿ? ಊರ ಮಂದಿ ಕುಂಡರತಾರಂತ ನೀವ ಹೇಳಿದ್ರಿ, ನಾ ಅದಕ್ಕ ತಕ್ಕಂಗ ಪಾಟಾ ಹಾಕೇನಿ. ಖಾಲಿ ಹೊಡದ್ರ ಅದು ಕುಣೀದ ಏನ ಮಾಡತೈತಿ? ಭಾರ ಹೇರ್ರಿ, ಹಿಂದ ಹೇರ್ರಿ. ಆಮ್ಯಾಲ ಬೈರಿ.”

ಫೋನಿನ ದೊಡ್ಡ ದನಿ ಎಲ್ಲರಿಗೂ ಕೇಳಿಸಿತ್ತು. ಭಾರ ಹೇರಿದರೆ ಮೆತ್ತಗಾಗುತ್ತದೆ ಎಂಬುದು ನನ್ನ ತಲೆಗೆ ಹೋಗಲೊಲ್ಲದು. ಮಕ್ಕಳಿಗೆ ವಿಜ್ಞಾನ ಬೇರೆ ಹೇಳುತ್ತೇನೆ. ಅತ್ತೆಯ ತಲೆಗೆ ಮಾತ್ರ ಕೂಡಲೇ ಹೋಯಿತು, “ಖಾಲಿ ಇದ್ರ ಎತ್ತಿನ ಚಕ್ಕಡಿ ಹಾರೂದಿಲ್ಲೇನ” ಅಂದರು. ಜೋಳದ ಚೀಲ ಹಾಕೋಣವೇ ಅಂದೆ.

“ಚೀಲ ಸರದು ಹುಡುಗಿ ಮ್ಯಾಲ ಬಿದ್ರ? ಬ್ಯಾಡ. ನಾವ ಕುಂಡರತೇವಿ.”

ಗಂಡನ ಮನೆಯ ಹೆಂಗಸರು ಅಗಸಿಯ ತನಕ ಕಳಿಸಿ ತಿರುಗುವುದು ರೂಢಿ. ಕರೆದೊಯ್ಯುವುದು ತವರಿನವರ ಪಾಲು. ಬೀಗತಿಯೇ ಬೆನ್ನು ಹತ್ತಿ ಬಂದದ್ದನ್ನು ನಾನು ಕಂಡಿಲ್ಲ. ನಾನು ಅದನ್ನೇ ಬಾಯಿಬಿಟ್ಟು ಹೇಳುವಷ್ಟರಲ್ಲಿ ಅವರು ಓಣಿಯ ಹೆಂಗಸರನ್ನು ಕೂಗಿ ಕರೆಯತೊಡಗಿದ್ದರು. ತೂಕ ನೋಡಿಯೇ ಆರಿಸಿದರು. ಬಡಕಲಾದ ಒಬ್ಬಾಕೆ ಸೀರೆ ಬದಲಿಸಿ ಬಂದರೆ, “ನಿನ್ನಿಂದ ಏನೂ ಆಗೂದಿಲ್ಲ, ಮನ್ಯಾಗ ಇರು” ಎಂದು ತಿರುಗಿ ಕಳಿಸಿದರು. ಉಳಿದವರನ್ನು ಹಿಂದಿನ ಸೀಟಿಗೆ ತುಂಬಿ, ಗಾಲಿಯ ಮೇಲೆಯೇ ಬರುವ ಜಾಗದಲ್ಲಿ ತಾವು ಕುಂತರು. “ಇಲ್ಲಿ ಕುಲುಕಾಟ ಭಾಳ. ಅದು ನಮಗಿರಲಿ” ಅಂದರು. ಮತ್ತೆ ತಂಬಿಗೆ ತುಂಬಿಸಿ ಅಗಸಿಯ ತನಕ ಹೋಗಿ ಬಂದೆವು. ಈ ಸಲ ತಂಬಿಗೆ ನಿಂತೇ ಇತ್ತು, ಅಂಚಷ್ಟೇ ಒದ್ದೆ. ತಂಗಿ ನೀರನ್ನೇ ನೋಡುತ್ತ ನಿಂತಳು. ಆಮೇಲೆ ತಾನೇ ಹತ್ತಿ ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಂತಳು.

ಅದೇ ರಸ್ತೆ, ಅದೇ ತಗ್ಗು. ಗಾಡಿ ತುಂಬಿದ ಬಸುರಿಯ ಹಾಗೆಯೇ ತೂಗಿಕೊಂಡು, ಸಾವಕಾಶ ನಡೆಯಿತು. ಹಿಂದೆ ಹೆಂಗಸರು ಎಲೆಅಡಿಕೆ ಹಾಕಿಕೊಂಡು ಊರ ಸುದ್ದಿಯೆಲ್ಲ ತೆಗೆದಿದ್ದರು. ಪ್ರತಿ ಹಂಪಿಗೂ ನಾನು ಉಸಿರು ಹಿಡಿದು ಕನ್ನಡಿಯಲ್ಲಿ ನೋಡುತ್ತಿದ್ದೆ. ಮೊದಮೊದಲು ಕಾಣುತ್ತಿದ್ದುದು ತಂಗಿಯ ಬಿಗಿದ ಮುಖ. ಸವದತ್ತಿ ದಾಟಿ ನವಿಲುತೀರ್ಥದ ಕಾಲುವೆ ಕಾಣುವ ಹೊತ್ತಿಗೆ ಮುಖ ಕಾಣಲಿಲ್ಲ, ಗಾಬರಿಯಾಗಿ ಹೊರಳಿ ನೋಡಿದರೆ ತಲೆ ಹಿಂದಕ್ಕೆ ವಾಲಿತ್ತು. ಹಿಂದಿನ ಸೀಟಿನಿಂದ ಅತ್ತೆ ಕೈ ಚಾಚಿ ಆ ತಲೆಯನ್ನು ಅಂಗೈಯಲ್ಲಿ ಆನಿಸಿ ಹಿಡಿದಿದ್ದರು. ಬೈಲಹೊಂಗಲದ ತನಕ ಆ ಕೈ ತೆಗೆಯಲಿಲ್ಲ. ಇವರನ್ನು ಇಷ್ಟು ವರ್ಷ ನಾನು ಏನೆಂದು ತಿಳಿದಿದ್ದೆ, ಇವರು ನಿಜಕ್ಕೂ ಏನು, ಯೋಚಿಸಿದಷ್ಟೂ ಗೊಂದಲವಾಯಿತು. ಕಣ್ಣು ಮಂಜಾಗಿ ಎದುರಿನ ಟ್ರ್ಯಾಕ್ಟರಿಗೆ ಹಾರ್ನ್ ಹಾಕುವುದೇ ಮರೆತಿದ್ದೆ.

ಮನೆಯ ಮುಂದೆ ಚಿಗವ್ವ ಸಿಟ್ಟು ಬಿಡದಿದ್ದರೂ ರೊಟ್ಟಿ, ನೀರು ಹಿಡಿದು ದೃಷ್ಟಿ ತೆಗೆಯಲು ನಿಂತಿದ್ದಳು. ಹಿಂದಿನ ಬಾಗಿಲಿನಿಂದ ಒಬ್ಬರ ಬೆನ್ನಿಗೆ ಒಬ್ಬರಂತೆ ಗುರುತಿಲ್ಲದ ಹೆಂಗಸರು ಇಳಿಯುವುದನ್ನು ನೋಡಿ ಕೈ ಅಲ್ಲೇ ನಿಂತಿತು.

“ನಮಗ ಜಾಗ ಇಲ್ಲಂದೆಲ್ಲಬೇ. ಇವರಿಗೆಲ್ಲಿಂದ ಬಂತು?”

ಹೇಳಲು ಹೋದೆ, ಅರ್ಧಕ್ಕೇ ನಿಲ್ಲಿಸಿದೆ. ಖಾಲಿ ಗಾಡಿ ಕುಣಿಯುತ್ತದೆ ಎಂದರೆ ಅವಳು ನಂಬುವಳೇ, ನಾನೇ ಇನ್ನೂ ಪೂರ್ತಿ ನಂಬಿರಲಿಲ್ಲ. ಅತ್ತೆ ಕೊನೆಗೆ ಇಳಿದರು. ಮರಗಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ತಿಕ್ಕಿಕೊಳ್ಳುತ್ತಿದ್ದರು. ಅವರ ಭಾರ ಇಳಿದದ್ದೇ ಗಾಡಿಯ ಹಿಂಭಾಗ ಸೊಂಟ ನೆಟ್ಟಗೆ ಮಾಡಿಕೊಂಡಂತೆ ಮೇಲೆದ್ದಿತು. ಒಳಗಿದ್ದ ತಂಗಿ ಕಣ್ಣುಬಿಟ್ಟಳು. ತೊಡೆಯ ಮೇಲಿನ ತಂಬಿಗೆಯಲ್ಲಿ ನೀರು ಇನ್ನೂ ಇತ್ತು. ನಾನು ಬಾಗಿಲು ತೆಗೆದು ತಂಬಿಗೆ ಇಸಿದುಕೊಂಡೆ. ಹೊಟ್ಟೆಯ ಕೆಳಗಿನ ಕೈ ಸಡಿಲಾಗಿ ಮಡಿಲಲ್ಲಿ ಬಿದ್ದಿತ್ತು.

“ಸವದತ್ತಿ ತನಕ ಆಡಕೋಂತ ಬಂತು ಅಕ್ಕಾ. ಆಮ್ಯಾಲ ಕೂಸೂ ಮಲಕೊಂತು” ಅಂದಳು.

ನಾನು ತಂಬಿಗೆ ಹಿಡಿದು ನಿಂತೇ ಇದ್ದೆ. ಇಳಿಯಲು ಕೈ ಕೊಡು ಎಂದು ಅವಳೇ ಅನ್ನಬೇಕಾಯಿತು.

ಪಡಸಾಲೆಯ ಜಾಕನ್ನು ಗಾಡಿಗೆ ಯಾವಾಗ ಹಾಕುತ್ತೀ ಎಂದು ನಮ್ಮ ಮನೆಯವರು ಈಗಲೂ ಕೇಳುತ್ತಾರೆ. ತಂಗಿ ಬಂದಾಗಲೆಲ್ಲ ಅವಳ ಮಗಳು ಅದರ ಮೇಲೆ ಕುಂತು, ಬಾಯಿಂದ ಸಪ್ಪಳ ಮಾಡುತ್ತ, ಸಾಲಹಳ್ಳಿಯ ತನಕ ಗಾಡಿ ಹೊಡೆಯುತ್ತಾಳೆ. ಹೇಗೆ ಹಾಕಲಿ?