ಮಲಗಿದ್ದನ್ನು ಎಬ್ಬಿಸುವ ಔಷಧ

ಬೇಗಂಪೇಟೆಯಲ್ಲಿ ಔಷಧ ಪ್ರಯೋಗಕ್ಕೆ ಬರುವವರಿಗೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ವಿವರಿಸುವುದು ನನ್ನ ಕೆಲಸ. ಅಂದು ಐದನೆಯವರಾಗಿ ಬಂದವರು ಬಾಲಾನಗರದಲ್ಲಿ ಲೇತ್ ಮಷಿನ್ ನಡೆಸುವ ಬೀದರಿನ ಶಿವಪ್ಪ. ಅವರ ಎಚ್‌ಐವಿ ದಿನದ ಮಾತ್ರೆಯಿಂದ ಹತೋಟಿಯಲ್ಲಿತ್ತು. ಮಗಳ ಮದುವೆಗೆ ಬೀಗರು ಮನೆ ತುಂಬುವ ಮೊದಲೇ ಆ ಮಾತ್ರೆ ಬಚ್ಚಿಡುವ ಕಷ್ಟ ಮುಗಿಯಬೇಕೆಂದು ಅವರ ಆಸೆ.

ಪತ್ರದಲ್ಲಿ 'ಸುಪ್ತ ವೈರಾಣುವಿನ ಪುನಃಸಕ್ರಿಯಗೊಳಿಸುವಿಕೆ' ಎಂದಿತ್ತು. ಎರಡು ಸಲ ಓದಿ ನನ್ನ ಮುಖ ನೋಡಿದರು.

"ಜೀವಕೋಶದಾಗ ಮಲಗಿರೋ ವೈರಸ್ ಮಾತ್ರೆಗೆ ಸಿಗಂಗಿಲ್ರಿ. ಔಷಧ ಕೊಟ್ಟು ಎಬ್ಬಿಸಿದ್ರ ಕೊಲ್ಲಬಹುದು," ಎಂದೆ.

"ಎಬ್ಬಿಸೋ ಔಷಧ ಐತೇನ್ರಿ?"

"ಐತ್ರಿ."

"ಕೊಲ್ಲೋದು?"

"ಅದನ್ನ ಇನ್ನೂ ಹುಡುಕಾಕತ್ತಾರ್ರಿ."

"ಏನ್ರಿ ಸಾಹೇಬ್ರ, ಕೈಯಾಗ ಬಡಿಗಿ ಇಲ್ದ ಹಾವು ಎಬ್ಬಿಸ್ತೀರಿ? ಮಲಗಿರ್ಲಿ ಬಿಡ್ರಿ." ಪೆನ್ನು ನನಗೇ ಕೊಟ್ಟು, ಮಾತ್ರೆ ಡಬ್ಬಿಯನ್ನು ಒಳಜೇಬಿಗೆ ಹಾಕಿಕೊಂಡು ಹೊರಟರು.

ಬೇಡವೆಂದವರ ಕಾರಣ ನಮೂದಿಸಲು ಫಾರಂನಲ್ಲಿ ಎರಡೇ ಆಯ್ಕೆ: 'ಸಮಯವಿಲ್ಲ', 'ಅರ್ಥವಾಗಲಿಲ್ಲ'. ಅರ್ಥವಾದದ್ದರಿಂದಲೇ ಬೇಡವೆಂದವರಿಗೆ ಜಾಗವಿರಲಿಲ್ಲ. 'ಸಮಯವಿಲ್ಲ' ಎಂದು ಗುರುತು ಹಾಕಿ ಆರನೆಯವರನ್ನು ಕರೆದೆ.