ನನ್ನ ಕೈಗೆ ಬರದ ಚಾವಿ

ಮನೆಗೆ ಕಾರು ಬಂದ ವರ್ಷವೇ ನಾನು ಓಡಿಸುವುದನ್ನು ಕಲಿತೆ, ಲೈಸೆನ್ಸೂ ಪಡೆದೆ. ಚಾವಿ ಮಾತ್ರ ನನ್ನ ಕೈಗೆ ಬರಲಿಲ್ಲ. ಕೇಳಿದಾಗಲೆಲ್ಲ ನಮ್ಮವರದು ಒಂದೊಂದು ನೆಪ. ಇವತ್ತು ಟ್ರಾಫಿಕ್ಕು, ನಾಳೆ ಅಮಾವಾಸ್ಯೆ, ನಾಡಿದ್ದು ನಾವಿರುವ ಕೊಂಢವಾ ಬಡಾವಣೆಯ ರಸ್ತೆ ಅಗೆದಿದ್ದಾರೆ. ಕೊಂಢವಾ ರಸ್ತೆ ಅಗೆಯದ ದಿನ ಯಾವುದು ಎಂದು ಕೇಳಿದರೆ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು. ಒಂದು ಭಾನುವಾರ ಮನೆದೇವರು ಜೇಜುರಿಯ ಖಂಡೋಬಾನ ಗುಡಿಗೆ ಹೋಗಿಬಂದಾಗಲೂ ನಾನು ಹಿಂದಿನ ಸೀಟಿನಲ್ಲೇ, ಪ್ರಸಾದದ ಚೀಲದ ಜೊತೆ.

ಮರುದಿನ ಅತ್ತೆಯನ್ನು ಕ್ಯಾಂಪ್ ಪೇಟೆಯ ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ನಮ್ಮವರಿಗೆ ಆಫೀಸಿನಲ್ಲಿ ಮೀಟಿಂಗು. "ಆಕೀನ ನನ್ನ ಕರಕೊಂಡು ಹೋಗಲಿ" ಎಂದು ಗುಡಿಯಿಂದ ಬಂದ ಕೂಡಲೇ ಅತ್ತೆ ತೀರ್ಪು ಕೊಟ್ಟರು. ಈ ಒಂದು ಸಲ ನೆಟ್ಟಗೆ ಹೋಗಿಬಂದರೆ ಚಾವಿ ನನ್ನದೂ ಆಗುತ್ತದೆ, ಇಲ್ಲವಾದರೆ ಮುಗಿಯಿತು, ಮತ್ತೆ ಕೇಳುವ ಹಾಗಿಲ್ಲ. ಅದು ನನಗೂ ಗೊತ್ತಿತ್ತು, ನಮ್ಮವರಿಗೂ ಗೊತ್ತಿತ್ತು.

ಬೆಳಿಗ್ಗೆ ಅತ್ತೆಯೊಡನೆ ಕೆಳಗಿಳಿದು ಚಾವಿಯ ಗುಂಡಿ ಒತ್ತಿದೆ. ಗಾಡಿ ಮಿಸುಕಲಿಲ್ಲ.

"ನೋಡಿದ್ಯಾ? ನಿನ್ನ ಕೈಗೆ ಕೊಟ್ಟ ಕೂಡ್ಲೆ ಕೆಟ್ಟಿತು" ಎಂದರು ನಮ್ಮವರು. ಮುಖದಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಿತ್ತು. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಮೇಲಿನ ಮಹಡಿಯ ಭಾವ, ನಮ್ಮವರ ಅಣ್ಣ, ಕ್ಯಾಂಪಿನ ತಮ್ಮ ಬಟ್ಟೆ ಅಂಗಡಿಗೆ ಹೊರಟವರು ಅಲ್ಲೇ ನಿಂತರು. "ಸಿಗ್ನಲ್ ಹೋಗವಲ್ತು. ತಲೀಗೆ ಹಚ್ಚಿ ಒತ್ತು, ಜೋರ್ ಆಗ್ತದ" ಎಂದರು. ನಮ್ಮವರು ಚಾವಿ ಇಸಿದುಕೊಂಡು ಹಣೆಗೆ ಹಚ್ಚಿ ಒತ್ತಿದರು, ಗದ್ದಕ್ಕೆ ಹಚ್ಚಿ ಒತ್ತಿದರು. ಆ ತಲೆಯ ಮೂಲಕ ಏನೂ ಹಾಯಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ.

ಆಮೇಲೆ ಚಾವಿಯ ಪಕ್ಕದಲ್ಲಿ ಅಡಗಿದ್ದ ಪುಟ್ಟ ಲೋಹದ ಕೀಲಿಯನ್ನು ಎಳೆದು ಬಾಗಿಲು ತೆಗೆದರು. ಬಾಗಿಲೇನೋ ತೆರೆಯಿತು, ಜೊತೆಗೆ ಗಾಡಿ ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳತೊಡಗಿತು. ಬಾಲ್ಕನಿಗಳೆಲ್ಲ ತುಂಬಿದವು. "ಕಾಯ್ ಝಾಲಂ ಸಾಹೇಬ್?" ಎಂದು ವಾಚ್‌ಮನ್ ಓಡಿಬಂದ. "ಕಾಹೀ ನಾಹೀ" ಎಂದರು ನಮ್ಮವರು, ಏನೂ ಆಗಿಲ್ಲವಂತೆ. ಗಾಡಿ ತಾನಾಗಿಯೇ ದಣಿದು ಸುಮ್ಮನಾಯಿತು.

"ಒಳಗಿನ ಸೆಲ್ ನೋಡೂಣ್ರಿ, ಬಿಚ್ಚರಿ" ಎಂದೆ.

"ಬಿಚ್ಚಬ್ಯಾಡ! ವಾರಂಟಿ ಹೋಗ್ತದ. ಕಂಪನಿಯವರ ಬಿಚ್ಚಬೇಕು." ಚಾವಿ ಆಗಲೇ ನಮ್ಮವರ ಮುಷ್ಟಿ ಸೇರಿತ್ತು. ಅಷ್ಟೊಂದು ಗಾಬರಿ ಯಾಕೆಂದು ಅನುಮಾನ ಬಂತು. ಕಸಿದುಕೊಂಡು ಸಂದಿಗೆ ಉಗುರು ಹಾಕಿ ಎಬ್ಬಿಸಿದೆ. ಅಂಗೈ ತುಂಬ ಹಳದಿ ಪುಡಿ. ಜೇಜುರಿಯ ಭಂಡಾರ, ದೇವರ ಅರಿಶಿನ! ಸೆಲ್ಲಿನ ಮೇಲೆ, ಕೆಳಗೆ, ಸುತ್ತಲೂ ಕಡುಬಿನ ಹೂರಣದ ಹಾಗೆ ಒತ್ತಿ ತುಂಬಿತ್ತು.

"ನಿನ್ನೆ ಸಂಜೀಕ ಮೂಲ್ಯಾಗ ಕುಂತು ಚಾವಿ ಬಿಚ್ಚಿದ್ದು ಇದಕ್ಕೇನೋ?" ಎಂದರು ಅತ್ತೆ.

ನಮ್ಮವರು ಅಣ್ಣನತ್ತ ನೋಡಿದರು. "ಅಣ್ಣ ಅಂಗಡಿ ಗಲ್ಲಾದಾಗ ಇಡ್ತಾನಲ್ಲ, ಹಂಗ... ಇವತ್ತ ಈಕಿ ಓಡಸ್ತಾಳಂತ, ರಕ್ಷಾಕ್ಕ ಸ್ವಲ್ಪ ಹಾಕಿದ್ದೆ."

"ಗಲ್ಲಾಕ್ಕ ಸೆಲ್ ಇರ್ತದೇನೋ?" ಎಂದು ಭಾವ ಮೆಲ್ಲಗೆ ಅಂಗಡಿಯ ದಾರಿ ಹಿಡಿದರು.

ಅವರು ಓಡಿಸುವಾಗ ಬೇಕಾಗದ ರಕ್ಷೆ, ನಾನು ಓಡಿಸುತ್ತೇನೆಂದ ಕೂಡಲೇ ಬೇಕಾಯಿತು. ಅದೂ ಬೊಗಸೆಗಟ್ಟಲೆ. ನಗು ಬರಬೇಕಿತ್ತು, ಬಂದದ್ದು ಸಂಕಟ. ಪುಡಿಯನ್ನು ಪೂರಾ ಝಾಡಿಸಿ, ಸೆರಗಿನಿಂದ ಸೆಲ್ ಒರೆಸಿ, ಮುಚ್ಚಿ ಒತ್ತಿದೆ. ಗಾಡಿ ಕಣ್ಣು ಮಿಟುಕಿಸಿತು.

"ಕೊಡಿಲ್ಲೆ, ಇವತ್ತೊಂದ್ ದಿನ ನಾನ ಬಿಟ್ಟು ಬರ್ತೀನಿ" ಎಂದು ನಮ್ಮವರು ಕೈ ಚಾಚಿದರು. ಮೀಟಿಂಗಿನ ನೆನಪೇ ಇರಲಿಲ್ಲ.

ಅತ್ತೆ ಅಷ್ಟರಲ್ಲಿ ಮುಂದಿನ ಸೀಟಿನಲ್ಲಿ ಕೂತು ಬೆಲ್ಟಿಗಾಗಿ ತಡಕಾಡುತ್ತಿದ್ದರು. "ನೀ ಬ್ಯಾಡಪಾ. ನಿನ್ನ ಕೈಗೆ ಕೊಟ್ರ ಇಂಜಿನ್‌ನಾಗೂ ಭಂಡಾರ ಸುರೀತಿ. ನಡೀಯವ್ವಾ ನೀ."

ಗೇಟು ದಾಟುವಾಗ ಕನ್ನಡಿಯಲ್ಲಿ ನೋಡಿದೆ. ನಮ್ಮವರು ರಿಕ್ಷಾಕ್ಕೆ ಕೈ ಮಾಡುತ್ತಿದ್ದರು, ರಿಕ್ಷಾ ನಿಲ್ಲುತ್ತಿರಲಿಲ್ಲ. ಆ ಚಾವಿಯನ್ನು ನಾನು ಇಂದಿಗೂ ಮರಳಿ ಕೊಟ್ಟಿಲ್ಲ.