ತಳದ ಮಣ್ಣು

ಕೆರೆಯಿಂದಾಗಲಿ ಹೊಳೆಯಿಂದಾಗಲಿ ವಾರಿಜಕ್ಕ ಮೇಲೆ ಬರುವಾಗ ಮೊದಲು ಕಾಣುತ್ತಿದ್ದುದು ತಲೆಯಲ್ಲ, ಬಲಗೈ. ಬಿಗಿದ ಮುಷ್ಟಿಯಿಂದ ಕೆಸರು ಸೋರುತ್ತಿತ್ತು. ಅದನ್ನು ದಡದ ಕಲ್ಲಿಗೆ ಬಡಿದು, "ಇಕೊಳ್ಳಿ, ತಳ" ಎಂದ ಮೇಲೆಯೇ ಅವರು ಮುಖ ಒರೆಸಿಕೊಳ್ಳುತ್ತಿದ್ದರು.

ಆಲಂಕಾರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಪಂಪಿನ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್‌ಗೆ ಕಸ ಸಿಕ್ಕಿ ನೀರು ನಿಂತರೆ, ಮುಳುಗಿ ಅದನ್ನು ಬಿಡಿಸುವುದು ಅವರ ಕೆಲಸ. ಅಪ್ಪನಿಂದ ಬಂದ ವಿದ್ಯೆ. ಮುಳುಗುವ ಮೊದಲು ಒಂದು ವೀಳ್ಯದೆಲೆಗೆ ಸುಣ್ಣ ಹಚ್ಚಿ ಕಟ್ಟೆಯ ಮೇಲಿಡುವರು. "ಸುಣ್ಣ ಒಣಗುವ ಮೊದ್ಲು ಬರ್ತೇನೆ" ಎನ್ನುವರು. ಬಂದೇ ಬರುವರು.

ಮುಷ್ಟಿ ಮಣ್ಣಿಗೆ ಒಂದು ಕಾರಣವಿತ್ತು. ಅವರಿಗೆ ಹದಿನೆಂಟಾಗಿದ್ದಾಗ, ಅಪ್ಪ ಜ್ವರದಲ್ಲಿ ಮಲಗಿದ್ದರೆಂದು ಮೊದಲ ಸಲ ಒಬ್ಬರೇ ದೊಡ್ಡ ಕೆರೆಗೆ ಇಳಿದರು. ವಾಲ್ವ್ ಬಿಡಿಸಿ ಮೇಲೆ ಬಂದರೆ ಕೆರೆಯ ಯಜಮಾನರು, "ಹೆಣ್ಣು ತಳದವರೆಗೆ ಹೋಗುದುಂಟಾ? ಅರ್ಧದಲ್ಲಿ ಪೈಪು ಅಲ್ಲಾಡಿಸಿ ಬಂದದ್ದು" ಎಂದರಂತೆ. ವಾರಿಜಕ್ಕ ಮತ್ತೊಮ್ಮೆ ಮುಳುಗಿ, ಹಿಡಿ ಕೆಸರು ತಂದು, ಆಗಷ್ಟೇ ಸುಣ್ಣ ಬಳಿದಿದ್ದ ಯಜಮಾನರ ಪಂಪ್‌ಶೆಡ್ಡಿನ ಗೋಡೆಗೆ ಬಡಿದರು. ಅಂದಿನಿಂದ ಬರಿಗೈಯಲ್ಲಿ ಮೇಲೆ ಬಂದದ್ದಿಲ್ಲ.

ನನಗೆ ಮುಳುಗಲು ಕಲಿಸಿದ್ದು ಅವರೇ, ಕುಮಾರಧಾರೆಯ ಗುಂಡಿಯಲ್ಲಿ. "ಹೈಸ್ಕೂಲು ಹುಡುಗಿಯನ್ನು ಹೊಳೆಗೆ ಇಳಿಸಿ ಎಂತ ಮಾಡ್ಲಿಕ್ಕುಂಟು ವಾರಿಜ?" ಎಂದು ಊರವರು ಕೇಳಿದರೆ, "ಮುಳುಗಿಸ್ಲಿಕ್ಕುಂಟು" ಎಂದು ಉತ್ತರ. ನನಗೆ ಹೇಳಿದ್ದು ಒಂದೇ ಪಾಠ: "ನೀರಿನೊಳಗೆ ಅವಸರ ಮಾಡಿದವರಿಗೆ ಉಸಿರು ಸಾಲುದಿಲ್ಲ ಮಾರಾಯ್ತಿ." ಆ ಒಂದು ಪಾಠದಲ್ಲೇ ನಾನು ಇಂದಿಗೂ ಅನ್ನ ಉಣ್ಣುತ್ತಿದ್ದೇನೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ಸಿಗುವ ನೇತ್ರಾಣಿ ದ್ವೀಪದ ಹವಳದ ದಿಬ್ಬಗಳ ನಡುವೆ, ಬೆನ್ನಿಗೆ ಸಿಲಿಂಡರ್ ಕಟ್ಟಿದ ಪ್ರವಾಸಿಗರನ್ನು ಕೈಹಿಡಿದು ಮುಳುಗಿಸುವುದು ನನ್ನ ಉದ್ಯೋಗ.

ಮಳೆಗಾಲದಲ್ಲಿ ಊರಿಗೆ ಬಂದಾಗ ದ್ವೀಪದ ಸುತ್ತಲ ಜಾಗಗಳನ್ನು ವರ್ಣಿಸುತ್ತಿದ್ದೆ. ನಾವಿಟ್ಟ ಇಂಗ್ಲಿಷ್ ಹೆಸರುಗಳು ಅವರಿಗೆ ಹಿಡಿಸಲಿಲ್ಲ. ಹೊಸಬರನ್ನು ಇಳಿಸುವ ತಗ್ಗು ಜಾಗಕ್ಕೆ 'ಶಾಲೆ ಕೆರೆ' ಎಂದರು. ಬಂಡೆ ಗೋಡೆಯಂತೆ ಇಳಿಯುವಲ್ಲಿಗೆ 'ಸೇತುವೆ ಬುಡ'. ಸೆಳೆತವಿರುವ ಮೂಲೆಗೆ ಅವರಿಟ್ಟ ಹೆಸರನ್ನು ಬರೆಯುವ ಹಾಗಿಲ್ಲ.

ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ದಿನ, ಮುಳುಗಲು ಅಡ್ಡಿಯಿಲ್ಲವೆಂಬ ಕಡಬದ ಡಾಕ್ಟರರ ಚೀಟಿ ಹಿಡಿದುಕೊಂಡು ಮುರ್ಡೇಶ್ವರಕ್ಕೇ ಬಂದರು. ಸಿಲಿಂಡರ್ ನೋಡಿ, "ಈ ಗ್ಯಾಸಿನ ಅಂಡೆ ನನಗೆ ಬೇಡ" ಎಂದರು. ಆಗುವುದಿಲ್ಲ ಎಂದ ನಮ್ಮ ಹಿರಿಯ ತರಬೇತುದಾರರು ಶಾಲೆ ಕೆರೆಯಲ್ಲಿ ಅವರ ಉಸಿರು ಪರೀಕ್ಷಿಸಿದ ಮೇಲೆ ಒಪ್ಪಿದರು. ಇಳಿಬಿಟ್ಟ ಹಗ್ಗದ ಪಕ್ಕದಲ್ಲೇ ಇಳಿಯಬೇಕು, ಜೊತೆಗೆ ನಾನಿರಬೇಕು, ಏನನ್ನೂ ಮುಟ್ಟಬಾರದು, ಏನನ್ನೂ ತರಬಾರದು ಎಂದರು.

"ತರ್ಲಿಕ್ಕಿಲ್ವಾ? ಮತ್ತೆ ಹೋದದ್ದಕ್ಕೆ ಗುರ್ತ ಎಂತ?"

"ನಾನು ನೋಡ್ತೇನಲ್ಲ ವಾರಿಜಕ್ಕ" ಎಂದೆ.

ನಮ್ಮಲ್ಲಿ ಬಾವಿಯ ಆಳ ಹೇಳುವುದು ಕೋಲಿನ ಲೆಕ್ಕದಲ್ಲಿ, ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಅಂದು ಹನ್ನೆರಡು ಕೋಲು ಇಳಿದರು. ಮೂಗು ಹಿಡಿದು ಕಿವಿ ಬಿಡಿಸಿಕೊಳ್ಳುತ್ತ, ಒಂದಿಷ್ಟೂ ಅವಸರವಿಲ್ಲದೆ. ಹವಳಗಳ ನಡುವೆ ಬಿಳಿ ಮರಳಿತ್ತು. ಬಲಗೈ ತಾನಾಗಿ ಚಾಚಿತು. ಮರಳಿಗೆ ಒಂದು ಗೇಣು ಇರುವಾಗ ನಿಂತಿತು. ನನ್ನ ಕಡೆ ನೋಡಿದರು, ಅಂಗೈ ಬಿಡಿಸಿ ತೋರಿಸಿದರು, ಮೇಲಕ್ಕೆ ಹೊರಟರು. ರೂಢಿಯಂತೆ ಕೈಯೇ ಮೊದಲು ಹೊರಗೆ ಬಂತು. ಬರಿಗೈ.

ನನಗೇ ಸಂಕಟವಾಯಿತು. "ಸ್ವಲ್ಪ ಸುಧಾರಿಸಿ ಇನ್ನೊಮ್ಮೆ ಹೋಗುವ, ತಳದಲ್ಲಿ ಫೋಟೊ ತೆಗೀತೇನೆ. ಊರಲ್ಲಿ ತೋರ್ಸ್ಲಿಕ್ಕಾಯ್ತು" ಎಂದೆ.

ಅವರು ದೋಣಿಯ ಅಂಚು ಹಿಡಿದು ನಕ್ಕರು. "ನಲವತ್ತು ವರ್ಷ ಮಣ್ಣು ತೋರ್ಸಿದೆ. ಸಾಕು."

ಊರಲ್ಲಿ ಯಾರೂ ನಂಬಲಿಲ್ಲ. "ಸಮುದ್ರದ ಮಣ್ಣು ಎಲ್ಲಿ ವಾರಿಜಕ್ಕ?" ಎಂದು ಅಂಗಡಿಯಲ್ಲಿ ಕೆಣಕಿದರೆ ಎಲೆಗೆ ಸುಣ್ಣ ಹಚ್ಚುತ್ತ ಕೂರುತ್ತಿದ್ದರಂತೆ. ನಾನಾಗಿದ್ದರೆ ಜಗಳವಾಡುತ್ತಿದ್ದೆ.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ನೀರಿನಲ್ಲಲ್ಲ, ನಾಲ್ಕು ದಿನದ ಜ್ವರದಲ್ಲಿ. ಉತ್ತರಕ್ರಿಯೆಯ ಊಟದ ಪಂಕ್ತಿಯಲ್ಲಿ ದೊಡ್ಡ ಕೆರೆಯ ಯಜಮಾನರ ಮಗ ಸದಾಶಿವಣ್ಣ, "ಒಳ್ಳೆ ಹೆಂಗಸು. ಸಮುದ್ರದ್ದೊಂದು ಸುಳ್ಳು ಬೇಡಿತ್ತು" ಎಂದರು.

ಅದಾದ ಮೂರನೆಯ ದಿನ ದೊಡ್ಡ ಕೆರೆಯಲ್ಲಿ ಸದಾಶಿವಣ್ಣನ ಪಂಪು ನಿಂತಿತು. ಮುಳುಗುವವರು ಯಾರೂ ಇರಲಿಲ್ಲ. ನಾನು ಹೋದೆ. ಕಟ್ಟೆಯ ಮೇಲೆ ಸುಣ್ಣ ಹಚ್ಚಿದ ಎಲೆಯಿಟ್ಟು ಇಳಿದೆ. ವಾಲ್ವ್‌ಗೆ ಹಳೆಯ ಗೋಣಿಯೊಂದು ಸುತ್ತಿಕೊಂಡಿತ್ತು. ಬಿಡಿಸಿ ಪಕ್ಕಕ್ಕೆ ತಳ್ಳಿದೆ. ಮೊಣಕೈವರೆಗೆ ಕೆಸರು, ಒಂದು ಹಿಡಿ ತೆಗೆದರೆ ಆಗಿತ್ತು. ತೆಗೆಯಲಿಲ್ಲ.

"ತಳ ಸಿಕ್ಕಿತಾ?" ಸದಾಶಿವಣ್ಣ ನನ್ನ ಕೈ ನೋಡಿದರು. "ಎಂತದೂ ತರ್ಲಿಲ್ಲ?"

"ಪಂಪು ಹಾಕಿ ನೋಡಿ" ಎಂದೆ.

ಸ್ವಿಚ್ಚು ಹಾಕಿದರು. ಪೈಪು ಎರಡು ಸಲ ಕೆಮ್ಮಿ ನೀರು ಸುರಿಸಿತು. ಕಟ್ಟೆಯ ಮೇಲಿನ ಎಲೆ ತೆಗೆದುಕೊಂಡೆ, ಸುಣ್ಣ ಇನ್ನೂ ಹಸಿಯಿತ್ತು.

"ವಾರಿಜಕ್ಕ ಸಮುದ್ರದ ತಳಕ್ಕೆ ಹೋಗಿದ್ದಾರೆ ಸದಾಶಿವಣ್ಣ. ನಾನು ನೋಡಿದ್ದೇನೆ."